ಮೆಚ್ಚಿ ಜರಿದ ಕಾರು

ಶಿಷ್ಯ ಚೆನ್ನವೀರ ಕೇಳಿದ: "ಗುರುಗಳೇ, ಮಗಳು ಹಾಡಿದರೆ ನನಗೆ ಮನಸ್ಸು ತುಂಬಿ ಬರುತ್ತದೆ. ಆದರೆ ಅವಳ ಮುಂದೆ ಹೇಳುವುದಿಲ್ಲ. ಶ್ರುತಿ ತಪ್ಪಿತು, ತಾಳ ಕೆಟ್ಟಿತು, ನಿನಗಿದು ಒಲಿಯದು ಎಂದು ಜರಿಯುತ್ತೇನೆ. ಹೊಗಳಿದರೆ ಮಕ್ಕಳು ತಲೆಯ ಮೇಲೆ ಕೂರುತ್ತಾರೆ. ನಾನು ಮಾಡುವುದು ಸರಿ ತಾನೆ?"

ಗುರುಗಳು ನಕ್ಕರು. "ಸರಿ ತಾನೆ ಎಂದು ಕೇಳುವವನು ಸರಿ ಎನ್ನಿಸಿಕೊಳ್ಳಲಿಕ್ಕೇ ಬಂದಿರುತ್ತಾನೆ. ಇರಲಿ, ಕೂತು ಕೇಳು" ಎಂದು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹಳೆಯ ಕಾರುಗಳನ್ನು ಕೊಂಡು ರಿಪೇರಿ ಮಾಡಿ ಮೊದಲಿನಂತೆ ನಿಲ್ಲಿಸುವುದು ಅವನ ಹುಚ್ಚು. ಗಣಿಯ ಊರೊಂದರಲ್ಲಿ ಒಬ್ಬ ಮುದುಕನ ಬಳಿ ಅಮೆರಿಕದ ಹಳೆಯ ಕಾರೊಂದು ಮಾರಾಟಕ್ಕಿತ್ತು. ಅದರ ಎಂಜಿನ್ ಗುಡುಗಿದರೆ ಬೀದಿಯೇ ತಿರುಗಿ ನೋಡುತ್ತಿತ್ತು. ಅಂಥದ್ದೊಂದು ಬೇಕೆಂದು ವರ್ತಕ ಹರೆಯದಿಂದಲೂ ಹುಡುಕುತ್ತಿದ್ದ. ಸುದ್ದಿ ತಿಳಿದವನೇ ನೋಡಲು ಹೋದ.

ಬಟ್ಟೆ ಸುತ್ತಿದ ಸೂಜಿಗಲ್ಲನ್ನು ಕಾರಿನ ಮೈಮೇಲೆ ಎಳೆದ. ಬಣ್ಣದಡಿಯಲ್ಲಿ ತಗಡಿದ್ದರೆ ಅದು ಅಂಟುತ್ತದೆ, ತುಕ್ಕು ಮುಚ್ಚಲು ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ಒಂದು ಬಾಗಿಲಿನ ಅಂಚಿನಲ್ಲಿ ಜಾರಿತು, ಅಷ್ಟೇ. ಗೋಣಿಚೀಲ ಹಾಸಿಕೊಂಡು ಕಾರಿನಡಿಗೆ ನುಸುಳಿ, ಅದನ್ನು ಹೊತ್ತ ಉಕ್ಕಿನ ಚೌಕಟ್ಟಾದ ಚಾಸಿಯನ್ನು ಬಡಿದು ನೋಡಿದ. ಠಣ್ ಎಂದಿತು, ತುಕ್ಕಿನ ಸುಳಿವಿಲ್ಲ. ಅಲ್ಲೇ ಮಲಗಿ ಅತ್ತುಬಿಡುವಷ್ಟು ಸಂತೋಷವಾಯಿತು ಅವನಿಗೆ.

ಆದರೆ ಕೊಳ್ಳುವವನು ಮೆಚ್ಚಿಗೆ ತೋರಬಾರದು. ಮಾಲನ್ನು ಜರಿದು, ಬೇಡವೆಂಬಂತೆ ಬೆನ್ನು ತಿರುಗಿಸಿ ಹೋಗಬೇಕು. ನಾಲ್ಕು ದಿನ ಬಿಟ್ಟು ಬಂದರೆ ಬೆಲೆ ತಾನಾಗಿ ಇಳಿದಿರುತ್ತದೆ. ಆ ವ್ಯಾಪಾರದ ರೂಢಿಯೇ ಹಾಗೆ. ಅವನು ಧೂಳು ಕೊಡವುತ್ತ ಎದ್ದು ಮುಖ ಸಿಂಡರಿಸಿದ.

"ಏನು ಯಜಮಾನರೇ, ಚಾಸಿಯನ್ನು ಪೂರ್ತಿ ತುಕ್ಕು ತಿಂದಿದೆ. ಇದರಲ್ಲಿ ಜನರನ್ನು ಕೂರಿಸಿಕೊಂಡು ಓಡಾಡುತ್ತಿದ್ದಿರಾ?"

ಮುದುಕನ ಮುಖ ಸಣ್ಣದಾಯಿತು. "ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದೆ" ಎಂದ. ಮಾತು ನಾಟಿತೆಂದು ವರ್ತಕ ಒಳಗೊಳಗೇ ಹಿಗ್ಗುತ್ತ ಹೊರಟ.

ನಾಲ್ಕು ದಿನ ಬಿಟ್ಟು ಕಾರು ಒಯ್ಯಲು ಲಾರಿಯನ್ನೇ ತಂದ. ಅಂಗಳ ಬರಿದಾಗಿತ್ತು. ಕಾರು ನಿಂತಿದ್ದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಮುದುಕ ಹೊರಗೆ ಬಂದು ಕೈಮುಗಿದ.

"ಬಾಯಿಬಿಟ್ಟು ಹೇಳಿದಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಅಂಥದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಿ, ನಾಳೆ ಯಾರದಾದರೂ ಪ್ರಾಣ ಹೋದರೆ? ಗುಜರಿಯವರನ್ನು ಕರೆಸಿ ಕಡಿಸಿಬಿಟ್ಟೆ. ಬನ್ನಿ, ಕಾಫಿ ಕುಡಿದು ಹೋಗಿ."

ಚಾಸಿ ಗಟ್ಟಿಯಾಗಿತ್ತು, ಸುಳ್ಳಾಡಿದ್ದು ನಾನು ಎನ್ನಲು ವರ್ತಕನಿಗೆ ಬಾಯಿ ಬರಲಿಲ್ಲ. ಹೇಳಿದರೆ ಮುದುಕನ ಎದೆ ಒಡೆಯುತ್ತದೆ. ಹೇಳದೆ ಆ ಉಪಚಾರ ಪಡೆಯುವುದು ಹೇಗೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಚಿಕೆಯಿಂದ ತಲೆ ಎತ್ತಲಾರದೆ ಕಾಫಿ ಕುಡಿದು, ಖಾಲಿ ಲಾರಿಯಲ್ಲಿ ಮರಳಿದ.

ಕತೆ ಮುಗಿಯಿತು. ಚೆನ್ನವೀರ ತಡೆಯಲಾರದೆ, "ಅವನದು ವ್ಯಾಪಾರ, ಗುರುಗಳೇ. ನಾನು ಜರಿಯುವುದು ಮಗಳ ಒಳ್ಳೆಯದಕ್ಕೆ" ಎಂದ.

ಗುರುಗಳು ಮೆಲ್ಲಗೆ ಕೇಳಿದರು: "ನಿನ್ನ ಮಗಳು ಈಗಲೂ ಹಾಡುತ್ತಾಳೇನಪ್ಪಾ?"

ಚೆನ್ನವೀರ ತಲೆ ತಗ್ಗಿಸಿದ. ಮನೆಯಲ್ಲಿ ಅವಳ ಹಾಡು ಕೇಳಿ ತಿಂಗಳುಗಳಾಗಿದ್ದವು.