ನಿಂತ ಕಾರಿಗೆ ಮೂರು ಮದ್ದು

"ಗುರುಗಳೇ, ಮನೆ ಬಿಟ್ಟು ಬಂದು ಇಲ್ಲಿಯೇ ಇದ್ದುಬಿಡಲೆ?" ಎಂದು ತಿಪ್ಪೇಶ ಕೇಳಿದ.

ಗುರುಗಳು ಮಠದ ಜಗುಲಿಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಬಸ್ಸಿಳಿದು ಬಂದ ತಿಪ್ಪೇಶ ಕಾಲನ್ನೂ ತೊಳೆಯದೆ ಅವರ ಎದುರು ಕುಳಿತವನು, ಅಣ್ಣ ಮಾಡಿದ ಮೋಸ, ಕಚೇರಿಯಲ್ಲಿ ಆದ ಅವಮಾನ, ತಾಯಿ ಸತ್ತ ದಿನ ತನಗೆ ಅಳು ಬರಲಿಲ್ಲವೆಂಬ ಕೊರಗು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ. ಅದಾದ ಮೇಲೆ ಬಂದ ಪ್ರಶ್ನೆ ಇದು.

"ಯಾಕೆ?" ಎಂದರು ಗುರುಗಳು.

"ಅಲ್ಲಿ ನನ್ನ ಮನಸ್ಸು ಮುಂದಕ್ಕೇ ಹೋಗುವುದಿಲ್ಲ. ಪ್ರತಿ ಅಮಾವಾಸ್ಯೆಗೂ ಇಲ್ಲಿಗೆ ಬರುತ್ತೇನೆ. ಕೊಳದಲ್ಲಿ ಮುಳುಗುತ್ತೇನೆ, ಗದ್ದುಗೆಗೆ ಹಣೆ ಹಚ್ಚುತ್ತೇನೆ, ದಾಸೋಹದಲ್ಲಿ ಉಣ್ಣುತ್ತೇನೆ. ಹಗುರಾಗಿ ಹೋಗುತ್ತೇನೆ. ನಾಲ್ಕು ದಿನ ಕಳೆದರೆ ಮತ್ತೆ ಎದೆಯ ಮೇಲೆ ಕಲ್ಲು. ಅಂದರೆ ಶಕ್ತಿ ಈ ಜಾಗದಲ್ಲಿದೆ. ಇದು ಯಾರೋ ಹೇಳಿದ್ದಲ್ಲ, ನನ್ನ ಅನುಭವ."

"ಮನೆಯಲ್ಲಿ ಜಗಳವೆ?"

"ಇಲ್ಲವೇ ಇಲ್ಲ. ಹೆಂಡತಿ ದೇವರಂಥವಳು. ಅವಳಿಗೆ ನೋವಾಗಬಾರದೆಂದು ನಾನು ಏನನ್ನೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಏರುದನಿಯೇ ಕೇಳುವುದಿಲ್ಲ. ನೀವು ಹೂಂ ಅಂದರೆ ನಾಳೆಯೇ ಗಂಟು ಕಟ್ಟುತ್ತೇನೆ. ಅವಳಿಗೆ ಒಂದು ಚೀಟಿ ಬರೆದಿಟ್ಟರೆ ಸಾಕು."

ಗುರುಗಳು ಒಂದು ಹಿಡಿ ಶೇಂಗಾವನ್ನು ಅವನ ಅಂಗೈಗೆ ಸುರಿದರು. "ತಿನ್ನು. ಬಾಯಿಗೆ ಕೆಲಸವಿದ್ದರೆ ಕಿವಿಗೆ ಬಿಡುವು ಸಿಗುತ್ತದೆ" ಎಂದು ಕತೆ ಹೇಳತೊಡಗಿದರು.

ಒಬ್ಬ ಹೂವಿನ ವ್ಯಾಪಾರಿಯಿದ್ದ. ಅವನ ಬಳಿ ಒಂದು ಹಳೆಯ ಕಾರಿತ್ತು. ಅದರ ಹಿಂದಿನ ಸೀಟು ಕಿತ್ತುಹಾಕಿ, ಸೇವಂತಿಗೆಯ ಮೂಟೆ ತುಂಬಿಕೊಂಡು ದಿನವೂ ಪೇಟೆಗೆ ಹೋಗುತ್ತಿದ್ದ. ಹೂವಿನ ಹರಾಜು ಬಿಸಿಲೇರುವುದರೊಳಗೆ ಮುಗಿಯುತ್ತದೆ. ಆಮೇಲೆ ಬಂದ ಹೂವನ್ನು ಎಮ್ಮೆಯೂ ಮೂಸುವುದಿಲ್ಲ. ಹಾಗಾಗಿ ಅವನ ಅನ್ನವೆಲ್ಲ ಆ ಕಾರಿನ ಮೇಲೆ ನಿಂತಿತ್ತು.

ಅವನು ಪ್ರತಿ ಶುಕ್ರವಾರ ಕಾರಿಗೆ ಪೂಜೆ ಮಾಡುತ್ತಿದ್ದ. ಉಳಿದವರು ಬಾನೆಟ್ಟಿಗೆ, ಚಕ್ರಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ. ಇವನು ಮೊದಲ ಬೊಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಇಡುತ್ತಿದ್ದ. ಕಾರಿಗೆ ಅನ್ನ ಹೋಗುವ ಬಾಯಿ ಅದು, ಆದ್ದರಿಂದ ಮೊದಲ ಮರ್ಯಾದೆ ಅದಕ್ಕೇ ಸಲ್ಲಬೇಕು ಎಂಬುದು ಅವನ ತರ್ಕ. ತರ್ಕವೇನೋ ಸರಿಯಾಗಿಯೇ ಇತ್ತು. ಇಟ್ಟ ಬೊಟ್ಟನ್ನು ಒರೆಸಬಾರದು ಎಂದು ಅವನ ಅಜ್ಜಿ ಹೇಳಿದ್ದಳು. ಹಾಗಾಗಿ ಹಳೆಯದರ ಮೇಲೆಯೇ ಹೊಸದು ಕೂರುತ್ತಿತ್ತು.

ಒಂದು ಬೆಳಗ್ಗೆ ಕಾರು ದಾರಿಯ ನಡುವೆ ಕೆಮ್ಮಿತು, ಮುಗ್ಗರಿಸಿತು, ನಿಂತಿತು. ವ್ಯಾಪಾರಿ ಇಳಿದು ಮುಚ್ಚಳ ತೆಗೆದು ಇಣುಕಿದ. ಪೆಟ್ರೋಲ್ ಇತ್ತು. ಮುಚ್ಚಿದ. ಪಕ್ಕದ ಹುಣಸೆ ಮರದ ಕೆಳಗಿನ ದೇವರ ಕಲ್ಲಿನ ಬಳಿ ಕಾಯಿ ಮಾರುವ ಮುದುಕಿಯಿದ್ದಳು.

"ಇಲ್ಲಿ ಗಾಡಿ ನಿಲ್ಲೋದು ಹೊಸದಲ್ಲ ಕಣಪ್ಪ. ಆ ಕಲ್ಲಿಗೊಂದು ಕಾಯಿ ಒಡಿ, ತಾನೇ ಹೋಗ್ತದೆ" ಎಂದಳು.

ಅವಳದೇ ಕಾಯಿ ಕೊಂಡು ಒಡೆದ. ಕಾರು ಹೊರಟಿತು. ಕಲ್ಲಿನಲ್ಲಿ ಶಕ್ತಿಯಿದೆ ಎಂಬುದು ಅವನಿಗೆ ಖಾತ್ರಿಯಾಯಿತು.

ಮುಂದಿನ ಸಲ ಕಾರು ಬೇರೊಂದು ಕಡೆ ನಿಂತಿತು. ಕಲ್ಲನ್ನು ಅಲ್ಲಿಗೆ ಕರೆಸುವಂತಿರಲಿಲ್ಲ. ಮೆಕ್ಯಾನಿಕ್ಕನ್ನು ಕರೆಸಿದ. ಆ ಮೆಕ್ಯಾನಿಕ್ಕು ಅವನ ಜೊತೆ ಗೋಲಿಯಾಡಿ ಬೆಳೆದವನು, ಊರಿಗೆಲ್ಲ ಬಾಯಿಬಡುಕ. ಬಂದವನೇ ಮುಚ್ಚಳ ತೆಗೆದು ಪೆಟ್ರೋಲ್ ನೋಡಿದ, ಮುಚ್ಚಿದ. ಪ್ಲಗ್ಗುಗಳನ್ನು ಬಿಚ್ಚಿ, ಪ್ಯಾಂಟಿಗೆ ತಿಕ್ಕಿ, ಮತ್ತೆ ಹಾಕಿದ. ಕಾರು ಹೊರಟಿತು. "ಕಲ್ಲಂತೆ, ಕಾಯಂತೆ! ಪ್ಲಗ್ಗು ಕಣಲೇ ಇದು" ಎಂದು ನಕ್ಕ. ಕಲ್ಲಿನ ಬದಲು ಪ್ಲಗ್ಗಿನಲ್ಲಿ ವ್ಯಾಪಾರಿಗೆ ನಂಬಿಕೆ ಬಂತು.

ಮೂರನೆಯ ಸಲ ಕಾರಿನಲ್ಲಿ ಅವನ ತಂಗಿಯ ಗಂಡನಿದ್ದ. ಅವನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ಅವನೂ ಕ್ರಮವಾಗಿ ಮೊದಲು ಮುಚ್ಚಳ ತೆಗೆದು ಪೆಟ್ರೋಲ್ ಇದೆಯೆಂದು ಖಚಿತಪಡಿಸಿಕೊಂಡ. ಎಂಜಿನ್ನಿನ ಕಾವಿಗೆ ಪಂಪಿನೊಳಗಿನ ಪೆಟ್ರೋಲ್ ಕುದಿದು ಆವಿಯಾಗಿದೆ ಎಂದು ತೀರ್ಮಾನಿಸಿದ. ಪಂಪಿಗೆ ಒದ್ದೆ ಬಟ್ಟೆ ಸುತ್ತಿಸಿದ. ಕಾರು ಹೊರಟಿತು. ಅದು ಯಾಕೆ ಹೊರಟಿತು ಎಂಬುದನ್ನು ಪೇಟೆ ಮುಟ್ಟುವವರೆಗೂ ವಿವರಿಸಿದ.

ಮೂವರೂ ಸುಳ್ಳು ಹೇಳಿರಲಿಲ್ಲ. ಮೂವರ ಮದ್ದಿಗೂ ಕಾರು ಎದ್ದಿತ್ತು.

ವ್ಯಾಪಾರಿ ಅಂದಿನಿಂದ ಕಾರಿನಲ್ಲಿ ಕಾಯಿ, ಪ್ಲಗ್ಗು, ಒದ್ದೆ ಬಟ್ಟೆ, ಮೂರನ್ನೂ ಇಟ್ಟುಕೊಂಡ. ನಿಂತಾಗಲೆಲ್ಲ ಮೊದಲು ಪೆಟ್ರೋಲ್ ನೋಡುವುದು, ಆಮೇಲೆ ಮೂರನ್ನೂ ಮಾಡುವುದು. ಕಾರು ಮನೆ ಸೇರಿದ ಮೇಲೆ, ಸದ್ಯ ಬಂತಲ್ಲ ಎಂದು ಮುಚ್ಚಳಕ್ಕೆ ಇನ್ನೊಂದು ಬೊಟ್ಟು. ಅಷ್ಟೆಲ್ಲ ಮಾಡಿದರೂ ಕಾರು ನಿಲ್ಲುವುದು ಹೆಚ್ಚುತ್ತಲೇ ಹೋಯಿತು. ತಡವಾದ ಹೂವನ್ನು ಅವನು ಕೆರೆಯ ದಂಡೆಗೆ ಸುರಿದು ಬರುತ್ತಿದ್ದ. ಪೇಟೆಯಲ್ಲಿ ಹರಾಜು ಕೂಗುವ ಅಡತಿಯವನು, ಇನ್ನು ನಿನ್ನ ಹೂವಿಗೆ ಕಾಯುವುದಿಲ್ಲ ಎಂದ. ಆಗ ಅವನ ತಲೆಗೆ ಒಂದು ಹುಳು ಹೊಕ್ಕಿತು. ಗೆಳೆಯ ಮೆಕ್ಯಾನಿಕ್ಕೇ ಒಂದು ಕಡೆ ಸರಿಮಾಡಿ ಇನ್ನೊಂದು ಕಡೆ ಕೆಡಿಸುತ್ತಿರಬೇಕು, ಇಲ್ಲದಿದ್ದರೆ ಇಷ್ಟು ರಿಪೇರಿಯಾದ ಕಾರು ನಿಲ್ಲುವುದು ಹೇಗೆ?

ಅವನ ಶೆಡ್ಡಿಗೆ ಹೋಗಿ ನಾಲ್ಕು ಜನರೆದುರೇ ಅಂದ. "ನನ್ನ ಅನ್ನಕ್ಕೆ ಮಣ್ಣು ಹಾಕ್ತಿದೀಯ ಕಣೋ."

ಮೆಕ್ಯಾನಿಕ್ಕನ ಮುಖ ಕಪ್ಪಿಟ್ಟಿತು. "ಲಕ್ಷ್ಮೀಹಬ್ಬದ ಹಿಂದಿನ ದಿನ ನಾನೇ ನಿನ್ನ ಪಕ್ಕ ಕೂತು ಬರ್ತೀನಿ. ನಿನ್ನ ಹೂವು ಹರಾಜಿಗೆ ಮುಟ್ಟದಿದ್ರೆ ಈ ಬೋರ್ಡು ಇಳಿಸಿ, ನಿನ್ನ ಮನೆ ಮುಂದೆ ಚಪ್ಪಲಿ ಕಾಯ್ತೀನಿ. ಮುಟ್ಟಿದ್ರೆ ಇನ್ನು ನನ್ನ ಮನೆ ಹೊಸಲು ತುಳೀಬೇಡ."

ಹಬ್ಬದ ಹಿಂದಿನ ದಿನ ಬಂತು. ವರ್ಷದಲ್ಲಿ ಹೂವಿಗೆ ಬೆಲೆ ಬರುವ ದಿನ ಅದು. ಇನ್ನು ಯಾರೂ ಪೆಟ್ರೋಲಿನ ಮೇಲೆ ಅನುಮಾನಪಡುವುದು ಬೇಡವೆಂದು ವ್ಯಾಪಾರಿ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದ. ಪೂಜೆಯನ್ನೂ ಜೋರಾಗಿಯೇ ಮಾಡಿದ. ಇಬ್ಬರೂ ಹೊರಟರು. ಹುಣಸೆ ಮರ ಇನ್ನೂ ದೂರವಿರುವಾಗಲೇ ಕಾರು ನಿಂತಿತು.

ಮೆಕ್ಯಾನಿಕ್ಕು ಅಭ್ಯಾಸಬಲದಿಂದ ಟ್ಯಾಂಕಿನ ಕಡೆ ಹೋದ. ವ್ಯಾಪಾರಿ ಅಡ್ಡ ನಿಂತ. "ಪೆಟ್ರೋಲ್ ಇಲ್ಲ ಅಂತ ನೆಪ ಹೇಳೋಕೆ ಹೋಗಬೇಡ. ನಾನೇ ತುಂಬಿಸಿದೀನಿ. ಎಂಜಿನ್ನು ನೋಡು."

ಮೆಕ್ಯಾನಿಕ್ಕು ಎಂಜಿನ್ನು ನೋಡಿದ. ಪ್ಲಗ್ಗು ಬದಲಿಸಿದ. ಕಾರು ಏಳಲಿಲ್ಲ. ಒದ್ದೆ ಬಟ್ಟೆ ಸುತ್ತಿದ. ಏಳಲಿಲ್ಲ. ವ್ಯಾಪಾರಿ ಹುಣಸೆ ಮರದವರೆಗೆ ಓಡಿ ಕಾಯಿ ಒಡೆದು ಬಂದ. ಅದಕ್ಕೂ ಏಳಲಿಲ್ಲ. ಬಿಸಿಲೇರುತ್ತಿತ್ತು. ಮೂಟೆಗಳು ಬೆಚ್ಚಗಾಗುತ್ತಿದ್ದವು. ಇಷ್ಟು ದಿನ ಕೈಬಿಡದ ಮೂರು ಮದ್ದೂ ಒಂದೇ ದಿನ ಕೈಬಿಟ್ಟಿದ್ದವು.

"ಪೆಟ್ರೋಲೇ ಹಾಕಿಸಿಲ್ಲ ನೀನು. ನನ್ನ ಬೋರ್ಡು ಇಳಿಸೋಕೆ ಹೂಡಿದ ಆಟ ಇದು" ಎಂದ ಮೆಕ್ಯಾನಿಕ್ಕು.

ವ್ಯಾಪಾರಿಗೆ ರೋಷ ಬಂತು. "ಬಾರೋ, ಕಣ್ಣಾರೆ ನೋಡು!" ಎಂದು ಮುಚ್ಚಳಕ್ಕೆ ಕೈ ಹಾಕಿದ. ಅದು ಕಚ್ಚಿ ಹಿಡಿದಿತ್ತು. ಎರಡೂ ಕೈಯಲ್ಲಿ ತಿರುವಿ ಎಳೆದ. ಹಾವು ಬುಸುಗುಟ್ಟಿದ ಹಾಗೆ ಸದ್ದಾಗಿ ಮುಚ್ಚಳ ಬಿಟ್ಟುಕೊಂಡಿತು. ಟ್ಯಾಂಕು ತುಂಬಿ ತುಳುಕುತ್ತಿತ್ತು. ಮೆಕ್ಯಾನಿಕ್ಕು ಆ ಸದ್ದು ಕೇಳಿದವನೇ ಹೋಗಿ ಕೀಲಿ ತಿರುಗಿಸಿದ. ಎರಡು ಸಲ ಗೊರಗೊರ ಎಂದು ಎಂಜಿನ್ನು ಎದ್ದಿತು.

"ನೀನೇನು ಮಾಡಿದೆ?" ಎಂದ ವ್ಯಾಪಾರಿ.

"ನಾನೇನೂ ಮಾಡಲಿಲ್ಲ. ನೀನು ಮುಚ್ಚಳ ತೆಗೆದೆ."

ಮೆಕ್ಯಾನಿಕ್ಕು ಮುಚ್ಚಳವನ್ನು ಕೈಗೆ ತೆಗೆದುಕೊಂಡ. ಒಂದೇ ತೂತು ಹೊಡೆದ ಎಣ್ಣೆ ಡಬ್ಬದಿಂದ ಎಣ್ಣೆ ಸುರಿಯುವುದಿಲ್ಲ, ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಬೇಕು. ಪೆಟ್ರೋಲ್ ಟ್ಯಾಂಕಿಗೆ ಆ ಇನ್ನೊಂದು ತೂತು ಇರುವುದು ಮುಚ್ಚಳದಲ್ಲಿ. ಅದರ ಮೇಲೆ ಅರಿಸಿನ ಕುಂಕುಮ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಪೆಟ್ರೋಲ್ ಇದೆಯೇ ಎಂದು ನೋಡಲು ಯಾರು ಮುಚ್ಚಳ ತೆಗೆದರೂ ಗಾಳಿ ಒಳಗೆ ಹೋಗುತ್ತಿತ್ತು. ಕಾರು ಆಗಲೇ ಗುಣವಾಗುತ್ತಿತ್ತು. ಆಮೇಲೆ ಮಾಡಿದ್ದಕ್ಕೆ ಕೀರ್ತಿ ಸಿಗುತ್ತಿತ್ತು.

"ಇಲ್ಲೊಂದು ತೂತು ಇರತ್ತೆ ಅಂತ ನಿನಗೆ ಗೊತ್ತಿರಲಿಲ್ವೇನೋ?" ಎಂದು ವ್ಯಾಪಾರಿ ಕೇಳಿದ.

"ಗೊತ್ತಿತ್ತು. ದೇವರ ಬೊಟ್ಟು ಅಂತ ನಾನೂ ಕೆರೆಯಲಿಲ್ಲ."

ವ್ಯಾಪಾರಿ ಅಂಗಿಯಲ್ಲಿ ಚುಚ್ಚಿಕೊಂಡಿದ್ದ ಹೂ ಪೋಣಿಸುವ ಸೂಜಿ ತೆಗೆದುಕೊಟ್ಟ. ಮೆಕ್ಯಾನಿಕ್ಕು ತೂತು ಬಿಡಿಸಿದ. ಹರಾಜಿನ ಕೊನೆಯ ಕೂಗಿಗೆ ಇಬ್ಬರೂ ಪೇಟೆ ತಲುಪಿದರು. ಚಪ್ಪಲಿಯ ಮಾತನ್ನಾಗಲಿ ಹೊಸಲಿನ ಮಾತನ್ನಾಗಲಿ ಇಬ್ಬರೂ ಮತ್ತೆ ಎತ್ತಲಿಲ್ಲ. ವ್ಯಾಪಾರಿ ಈಗಲೂ ಮುಚ್ಚಳಕ್ಕೆ ಬೊಟ್ಟಿಡುತ್ತಾನೆ, ತೂತಿನ ಪಕ್ಕಕ್ಕೆ. ಹುಣಸೆ ಮರದ ಕಲ್ಲಿಗೆ ಯಾರೋ ತಗಡಿನ ಸೂರು ಹಾಕಿಸಿದ್ದಾರೆ. ತಂಗಿಯ ಗಂಡ ಈಗಲೂ ಒದ್ದೆ ಬಟ್ಟೆಯ ಪಾಠ ಹೇಳುತ್ತಾನೆ.

ಗುರುಗಳು ಕತೆ ಮುಗಿಸಿ ಸಿಪ್ಪೆಯನ್ನು ಅಂಗಳಕ್ಕೆ ಕೊಡವಿದರು. ತಿಪ್ಪೇಶ ಯೋಚಿಸಿದ. ಕತೆ ತನ್ನ ಕಡೆಗೇ ಬರುತ್ತಿದೆ ಎಂಬುದು ಗೊತ್ತಾಗುತ್ತಿತ್ತು, ಎಲ್ಲಿಗೆ ಬಂದು ಮುಟ್ಟುತ್ತದೆ ಎಂಬುದು ಗೊತ್ತಾಗಲಿಲ್ಲ.

"ಹಾಗಾದರೆ ಈ ಕೊಳ, ಈ ಗದ್ದುಗೆ, ಯಾವುದರಲ್ಲೂ ಏನೂ ಇಲ್ಲವೆ?" ಎಂದು ಕೇಳಿದ.

"ಇಲ್ಲಿಗೆ ಬಂದಾಗಲೆಲ್ಲ ಕಾಲು ತೊಳೆಯುವ ಮೊದಲೇ ಬಾಯಿ ತೆರೆಯುತ್ತೀಯಲ್ಲ ತಿಪ್ಪೇಶ, ಮನೆಯಲ್ಲಿ ಅದನ್ನು ತೆರೆದು ಎಷ್ಟು ಕಾಲವಾಯಿತು?" ಎಂದರು ಗುರುಗಳು.

ತಿಪ್ಪೇಶ ನೆನಪು ಮಾಡಿಕೊಳ್ಳಲು ನೋಡಿದ. ಅಂಗೈಯಲ್ಲಿದ್ದ ಶೇಂಗಾ ಹಾಗೆಯೇ ಉಳಿಯಿತು.