ಗೆದ್ದ ಹಡಗಿನ ಪತಾಕೆ

"ಅಲೆ ಹಾಯಿಕಂಬದ ತುದಿ ದಾಟಿ ಹೋಯಿತು, ಮಹಾಸ್ವಾಮಿ! ಆದರೂ ನಾನು ಕದಲಲಿಲ್ಲ."

ಹಡಗುಪಡೆಯ ದಳಪತಿ ಸಾಂತಯ್ಯ ಆಸ್ಥಾನದ ನಡುವೆ ನಿಂತು ಮೀಸೆ ತಿರುವಿದ.

"ತಿಂಗಳಿಡೀ ನಡುಗಡಲಲ್ಲಿ ಕಡಲ್ಗಳ್ಳರ ಜೊತೆ ಕಾದಾಡಿ ನಿನ್ನೆ ಸಂಜೆ ಹಿಂದಿರುಗಿದೆ. ನನ್ನ ಹಡಗಿಗೆ ಒಂದು ಗೀರೂ ಬಿದ್ದಿಲ್ಲ."

ಅರಸ ಹಿಗ್ಗಿದ. "ಏನು ಬೇಕು ಕೇಳು."

"ಇವರ ದೋಣಿಗಳನ್ನು ಸುಡಿಸಬೇಕು. ಕಳ್ಳರ ಜೊತೆ ಸೇರಿದ್ದರು."

ಅವನು ಬೆರಳು ತೋರಿಸಿದ ಕಡೆ ಮೀನುಗಾರರ ಕೇರಿಯ ಮುಖಂಡ, ಗುರಿಕಾರ ದುಗ್ಗಣ್ಣ ನಿಂತಿದ್ದ. ಕೈಗೆ ಹಗ್ಗ ಬಿಗಿದಿದ್ದರು.

"ಸುಳ್ಳು, ಒಡೆಯಾ! ಕಳ್ಳರ ಚುಕ್ಕಾಣಿಗೆ ಬಲೆ ಸುತ್ತಿ ಓಡಿಸಿದ್ದು ನಾವು. ಈ ದಳಪತಿಗಳನ್ನು ಕಡಲಲ್ಲಿ ಕಂಡವರೇ ಇಲ್ಲ. ದೋಣಿ ಸುಟ್ಟರೆ ನಮ್ಮ ಕೇರಿಯೇ ಉಪವಾಸ ಬೀಳುತ್ತದೆ."

"ಮೀನು ಹಿಡಿಯುವವರು ಯುದ್ಧ ಮಾಡಿದರಂತೆ!" ಸಾಂತಯ್ಯ ನಕ್ಕ. ಆಸ್ಥಾನವೂ ನಕ್ಕಿತು. ಅವನು ರಾಣಿಯ ಅಣ್ಣ.

ನಗದೆ ಉಳಿದವನು ಮಂಕಾಳಯ್ಯ ಒಬ್ಬನೇ. ಅರಸನನ್ನು ನಗಿಸಲೆಂದೇ ಸಂಬಳ ತಿನ್ನುವವನು ಅವನು. ಬೆಳಿಗ್ಗೆ ಹೊಳೆಯ ಕಡೆ ಹೋಗಿದ್ದ, ಹಡಗನ್ನು ನೋಡಿ ಬಂದಿದ್ದ. ಎದ್ದು ಕೈಮುಗಿದ.

"ಇಂಥ ವೀರರನ್ನು ಪಡೆದ ನಾವೇ ಧನ್ಯರು, ಮಹಾಸ್ವಾಮಿ. ದೋಣಿ ಎಲ್ಲಿಗೆ ಓಡಿಹೋಗುತ್ತದೆ, ಆಮೇಲೆ ಸುಡೋಣ. ಮೊದಲು ಪದ್ಧತಿ ಆಗಲಿ. ಗೆದ್ದ ಹಡಗಿನ ಕಂಬ ಹತ್ತಿ ದಳಪತಿಗಳೇ ಅರಮನೆಯ ಪತಾಕೆ ಕಟ್ಟಬೇಕಲ್ಲವೇ?"

"ಹೌದು, ಕಟ್ಟಲೇಬೇಕು," ಎಂದ ಅರಸ.

ಸಾಂತಯ್ಯ ಹೊಟ್ಟೆ ಸವರಿಕೊಂಡ. "ಯಾರಾದರೂ ನಾವಿಕ ಹತ್ತಿದರೆ ಸಾಲದೇ?"

"ಛೆ ಛೆ! ಅಲೆಗೇ ಕದಲದವರು ನೀವು. ಒಂದು ಕಂಬಕ್ಕೆ ಹೆದರುತ್ತೀರಾ?"

ಎಲ್ಲರೂ ಹಡಗು ಕಟ್ಟಿದ್ದ ಹೊಳೆಯ ಧಕ್ಕೆಗೆ ಹೋದರು. ಪತಾಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತ ಸಾಂತಯ್ಯ ಹಗ್ಗದೇಣಿ ಹತ್ತಿದ. ತುದಿಗೆ ಕೈ ಇಟ್ಟನೋ ಇಲ್ಲವೋ, ಕಾಗೆಯೊಂದು ಎರಗಿ ನೆತ್ತಿ ಕುಕ್ಕಿತು. ಪೇಟ ಹೊಳೆಗೆ ಬಿತ್ತು. ಇನ್ನೊಂದು ಕಾಗೆಯೂ ಬಂತು. ದಳಪತಿ ಜಾರುತ್ತ, ಅರಚುತ್ತ ಕೆಳಗೆ ಬಂದು ಕುಳಿತ.

"ಮೇಲೆ ಏನಿದೆ?" ಅರಸ ಕೇಳಿದ.

"ಗೂಡು..."

"ಬರೀ ಗೂಡೇ?"

"ಮರಿಗಳೂ ಇವೆ."

"ಅಲೆ ದಾಟಿ ಹೋದ ಕಂಬದ ಮೇಲೆ?"

ಮಂಕಾಳಯ್ಯ ಮುಂದೆ ಬಂದ.

"ಅವರನ್ನು ಬೈಯಬೇಡಿ, ಮಹಾಸ್ವಾಮಿ. ಆ ಕಾಗೆಯನ್ನು ನೋಡಿ. ತಿಂಗಳಿಡೀ ನಡುಗಡಲು, ಮೇಲೆ ಅಲೆ, ಸುತ್ತ ಯುದ್ಧ. ಆದರೂ ಮೊಟ್ಟೆ ಬಿಟ್ಟು ಕದಲಲಿಲ್ಲ. ಈಗ ನಮ್ಮ ದಳಪತಿಗಳನ್ನೂ ಸೋಲಿಸಿತು. ಹಡಗುಪಡೆಯನ್ನು ಅದಕ್ಕೇ ಒಪ್ಪಿಸಿಬಿಡಿ."

ಅರಸ ನಕ್ಕು ನಕ್ಕು ಧಕ್ಕೆಯ ಮೇಲೇ ಕುಳಿತುಬಿಟ್ಟ.

ದುಗ್ಗಣ್ಣನ ಕೈಯ ಹಗ್ಗ ಬಿಚ್ಚಿದರು. ಪತಾಕೆ ಅವನ ದೋಣಿಗೆ ಹೋಯಿತು. ಮರಿಗಳು ಹಾರುವ ತನಕ ಕಾಗೆಗೆ ಅರಮನೆಯಿಂದ ಅನ್ನ ಹೋಗುತ್ತಿತ್ತು. ಹೊತ್ತೊಯ್ದು ಹಾಕುತ್ತಿದ್ದವನು ಸಾಂತಯ್ಯ.