ಸೀಟಿನ ಕಲೆ ಹೊತ್ತ ಬಟ್ಟೆ

ಕಾರೊಂದರ ಬಿಳಿ ಚರ್ಮದ ಸೀಟಿಗೆ ಹೊಸ ಜೀನ್ಸಿನ ನೀಲಿ ಬಣ್ಣ ಹತ್ತಿತು. ಕಲೆ ಹೋಗದಿದ್ದರೆ ಚರ್ಮವನ್ನೇ ಕಿತ್ತೆಸೆಯುವುದಾಗಿ ಯಜಮಾನ ಹೇಳಿದಾಗ ಸೀಟಿಗೆ ಜೀವ ಬಾಯಿಗೆ ಬಂತು.

"ಕ್ಷಣದಲ್ಲಿ ತೆಗೆಯುತ್ತೇನೆ" ಎಂದು ಗಡಸು ಬ್ರಷ್ಷು ಬಂದು ಉಜ್ಜಿತು. ಕಲೆ ಕದಲಲಿಲ್ಲ. ಸೀಟಿನ ಮೈಯೆಲ್ಲ ತರಚಿ ಉರಿಯಿತು.

ಆಮೇಲೆ ಹಳೆಯ ಪಂಚೆಯ ತುಂಡೊಂದು ಸಾಬೂನು ನೀರಿನಲ್ಲಿ ನೆನೆದು ಬಂದು, "ನೋವಾದರೆ ಹೇಳು ತಂಗಿ" ಎನ್ನುತ್ತ ಮೆಲ್ಲಗೆ ಒತ್ತತೊಡಗಿತು. ಎಷ್ಟು ಹೊತ್ತಾದರೂ ಬೇಸರಿಸಲಿಲ್ಲ. ಕೊನೆಗೆ ಸೀಟು ಬೆಳ್ಳಗಾಯಿತು, ಬಟ್ಟೆ ನೀಲಿಯಾಯಿತು.

"ನನ್ನ ಕಲೆಯನ್ನು ನೀನು ಹೊತ್ತೆಯಲ್ಲ ಅಣ್ಣ" ಎಂದು ಸೀಟು ಕೈಮುಗಿಯುವ ಧ್ವನಿಯಲ್ಲಿ ಹೇಳಿತು.

"ನನ್ನನ್ನು ಒಗೆದು ಹಿಂಡಬಹುದು. ನಿನ್ನನ್ನು ಹಿಂಡಲಾಗುತ್ತದೆಯೇ?" ಎಂದು ಬಟ್ಟೆ ತಾನಾಗಿಯೇ ಬಕೆಟ್ಟಿಗಿಳಿಯಿತು.